ರ್ಯಾಕ್ ಬಿಚ್ಚಿಸುವ ಮೊದಲು ಆಯಿಲ್ ಎಲ್ಲಿ ಹೋಗುತ್ತಿದೆ ನೋಡಿ

ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ಮನೆಮಂದಿಯೆಲ್ಲ ಕೂತು ಓಡಾಡುವ ಏಳೆಂಟು ಸೀಟಿನ ಗಾಡಿಗಳ ಪವರ್ ಸ್ಟೇರಿಂಗ್ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ. ಓದುವ ಮೊದಲು ನಿಮ್ಮ ಗಾಡಿಯದು ಆಯಿಲ್ ಸ್ಟೇರಿಂಗೋ ಕರೆಂಟ್ ಸ್ಟೇರಿಂಗೋ ಎಂದು ಖಚಿತ ಮಾಡಿಕೊಳ್ಳಿ. ಟವೇರಾ, ಝೈಲೋ, 2005ರಲ್ಲಿ ಬಂದ ಇನ್ನೋವಾ, 2016ರ ಕ್ರಿಸ್ಟಾ ಇವೆಲ್ಲ ಆಯಿಲ್‌ನಲ್ಲಿ ನಡೆಯುವಂಥವು. ಎರ್ಟಿಗಾ, ಹೈಕ್ರಾಸ್‌ಗಳದು ಕರೆಂಟ್ ಮೋಟಾರು. ಗೊತ್ತಾಗದಿದ್ದರೆ ಬಾನೆಟ್ ಎತ್ತಿ. ಮುಚ್ಚಳದ ಮೇಲೆ ಸ್ಟೇರಿಂಗ್ ಚಿತ್ರ ಅಥವಾ ಪವರ್ ಸ್ಟೇರಿಂಗ್ ಎಂಬ ಬರಹ ಇರುವ ಸಣ್ಣ ಡಬ್ಬಿ ಕಂಡರೆ ಅದು ಆಯಿಲ್‌ನದು.

ಪ್ರಶ್ನೆ: ನಮ್ಮದು ಹತ್ತು ವರ್ಷ ಹಳೆಯ ಡೀಸೆಲ್ ಗಾಡಿ, 1.6 ಲಕ್ಷ ಕಿ.ಮೀ. ಓಡಿದೆ. ಬೆಳಿಗ್ಗೆ ಶೆಡ್ಡಿನಿಂದ ತೆಗೆಯುವಾಗ ಸ್ಟೇರಿಂಗ್ ತಿರುಗಿಸಿದರೆ 'ಗುಂಯ್' ಎಂದು ನರಳುತ್ತದೆ. ನಿಧಾನ ಹೋಗುವಾಗ ಬಿಗಿ, ಆಕ್ಸಿಲರೇಟರ್ ಕೊಟ್ಟರೆ ಹಗುರ. ತಿಂಗಳಿಗೆ ಕಾಲು ಲೀಟರ್ ಆಯಿಲ್ ಹಾಕಬೇಕಾಗಿದೆ. ಗ್ಯಾರೇಜಿನವರು ರ್ಯಾಕ್ ಬದಲಿಸಿ ಎನ್ನುತ್ತಾರೆ. ಬೇರೆ ದಾರಿ ಇಲ್ಲವೇ?
(ಚಿಕ್ಕಮಗಳೂರಿನ ಓದುಗರು)

ಉತ್ತರ: ಇರಬಹುದು. ರ್ಯಾಕ್ ಎಂದರೆ ಸ್ಟೇರಿಂಗಿನ ತಿರುವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ, ಅಡ್ಡಲಾಗಿರುವ ಹಲ್ಲಿನ ದಂಡದ ಭಾಗ. ರ್ಯಾಕ್ ಹೋಗಿದೆಯೋ ಇಲ್ಲವೋ ಎಂಬುದನ್ನು ಅದನ್ನು ಬಿಚ್ಚದೆಯೇ ತಿಳಿಯಬಹುದು. ಆ ಪರೀಕ್ಷೆ ಮಾಡಿ ತೋರಿಸದೆ ಯಾರಾದರೂ ರ್ಯಾಕ್ ಬದಲಿಸಿ ಎಂದರೆ ಒಪ್ಪಬೇಡಿ.

ಪವರ್ ಸ್ಟೇರಿಂಗ್ ಆಯಿಲ್ ಎಂಜಿನ್ ಆಯಿಲ್‌ನಂತೆ ಉರಿದು ಕಡಿಮೆಯಾಗುವುದಿಲ್ಲ. ಕಾಲು ಲೀಟರ್ ಖಾಲಿಯಾಯಿತು ಎಂದರೆ ಅಷ್ಟೂ ಎಲ್ಲೋ ಸೋರಿದೆ. ಆಯಿಲ್ ಕಡಿಮೆಯಾದಾಗ ಪಂಪು ಅದರ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ನೀವು ಕೇಳುತ್ತಿರುವ ನರಳಾಟ ಆ ಗಾಳಿಯದೇ. ಪಂಪು ಎಂಜಿನ್ ಬೆಲ್ಟಿನಿಂದ ಓಡುವುದರಿಂದ ಆಕ್ಸಿಲರೇಟರ್ ಕೊಟ್ಟಾಗ ಜೋರಾಗಿ ತಿರುಗಿ ಕೊರತೆಯನ್ನು ಮುಚ್ಚಿಕೊಳ್ಳುತ್ತದೆ, ಸ್ಟೇರಿಂಗ್ ಹಗುರ ಎನಿಸುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಆಯಿಲ್ ಮಂದವಾಗಿ ಮೊದಲ ಅರ್ಧ ನಿಮಿಷ ಸ್ವಲ್ಪ ಸದ್ದು ಬಂದರೆ ಚಿಂತೆ ಬೇಡ. ಬಿಸಿಯಾದ ಮೇಲೂ ಸದ್ದು ನಿಲ್ಲದಿದ್ದರೆ ಮಾತ್ರ ಹುಡುಕಬೇಕು.

ಮೊದಲು ಟೈರಿನ ಗಾಳಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ, ಅದರಲ್ಲಿರುವಷ್ಟೇ ಇರಲಿ. ಮುಂದಿನ ಟೈರುಗಳಲ್ಲಿ ಐದಾರು ಪಿಎಸ್‌ಐ ಕಡಿಮೆಯಾದರೂ ನಿಧಾನ ಹೋಗುವಾಗ ಬಿಗಿ ಎನಿಸುತ್ತದೆ. ಆಮೇಲೆ ಬೆಲ್ಟು. ಒಳಮೈಯಲ್ಲಿ ಬಿರುಕು ಬಿಟ್ಟಿದ್ದರೆ, ಅಂಚು ಹೊಳಪಾಗಿ ಗಾಜಿನಂತೆ ಮಿನುಗುತ್ತಿದ್ದರೆ ಅದು ಜಾರುತ್ತಿದೆ. ಮಳೆಗಾಲದಲ್ಲಿ ಹೊಂಡ ದಾಟಿದ ಕೂಡಲೆ 'ಕೀಂಯ್' ಎಂದು ಕಿರುಚಿ ಸ್ಟೇರಿಂಗ್ ಒಂದು ಕ್ಷಣ ಬಿಗಿಯಾಗುವುದು ಬೆಲ್ಟಿನ ಕೆಲಸ, ಪಂಪಿನದಲ್ಲ.

ಈಗ ಡಬ್ಬಿಯ ಆಯಿಲ್ ನೋಡಿ. ಒಂದು ಬಿಳಿ ಬಟ್ಟೆಗೆ ಎರಡು ಹನಿ ಒರೆಸಿ. ಕೆಂಪಾಗಿದ್ದರೆ (ಹಸಿರು ಆಯಿಲಿನ ಗಾಡಿಯಲ್ಲಿ ಹಸಿರಾಗಿದ್ದರೆ) ಒಳ್ಳೆಯದು. ಕಂದು ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪೂರ್ತಿ ಬದಲಿಸಿ. ಬಟ್ಟೆಯನ್ನು ಬಿಸಿಲಿಗೆ ಹಿಡಿದಾಗ ಬೆಳ್ಳಿಯ ಪುಡಿಯಂತೆ ಮಿಂಚಿದರೆ ಪಂಪಿನ ಒಳಗಿನ ಲೋಹ ಸವೆಯುತ್ತಿದೆ. ಆಯಿಲ್ ತಿಳಿ ಗುಲಾಬಿಯಾಗಿ ನೊರೆ ಕಟ್ಟಿದ್ದರೆ ಎಂಜಿನ್ ಆಫ್ ಮಾಡಿ ಅರ್ಧ ಗಂಟೆ ಬಿಡಿ. ತಿಳಿಯಾದರೆ ಅದು ಗಾಳಿ, ಮಜ್ಜಿಗೆಯಂತೆ ಹಾಗೇ ಉಳಿದರೆ ನೀರು ಸೇರಿದೆ. ಡಬ್ಬಿಯ ತಳದಲ್ಲಿ ಸಣ್ಣ ಜಾಲರಿ ಇರುವ ಗಾಡಿಗಳಲ್ಲಿ ಅದು ಕೊಳೆ ತುಂಬಿ ಕಟ್ಟಿಕೊಂಡರೂ ಪಂಪು ಹೀಗೆಯೇ ನರಳುತ್ತದೆ. ತೊಳೆದರೂ ಕೊಳೆ ಬಿಡದಿದ್ದರೆ ಡಬ್ಬಿಯನ್ನೇ ಬದಲಿಸಿ, ಪಂಪಿಗಿಂತ ಬಹಳ ಅಗ್ಗ.

ಸೋರಿಕೆ ಹುಡುಕಲು ಹೋಸ್, ಪಂಪು, ರ್ಯಾಕನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಬಟ್ಟೆಯಿಂದ ಒರೆಸಿ ಒಣಗಿಸಿ. ಕೆಳಗೆ ರಟ್ಟು ಹಾಸಿ. ಎಂಜಿನ್ ಚಾಲೂ ಇಟ್ಟು ಒಬ್ಬರು ಸ್ಟೇರಿಂಗನ್ನು ಐದಾರು ಸಲ ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಲಿ, ಇನ್ನೊಬ್ಬರು ಟಾರ್ಚ್ ಹಿಡಿದು ನೋಡಲಿ. ಕೈಯಿಂದ ಸವರಿ ಹುಡುಕುವುದು ಬೇಡ. ಪೂರ್ತಿ ತಿರುಗಿಸಿದಾಗ ಒತ್ತಡ 70 ರಿಂದ 100 ಬಾರ್‌ವರೆಗೆ ಏರುತ್ತದೆ, ಅಂದರೆ ಟೈರಿನ ಗಾಳಿಯ ಮೂವತ್ತು ನಲವತ್ತು ಪಟ್ಟು. ಸಣ್ಣ ತೂತಿನಿಂದ ಚಿಮ್ಮುವ ಆಯಿಲ್ ಚರ್ಮದೊಳಗೆ ಹೊಕ್ಕೀತು.

ಆಯಿಲ್ ಕಾಣಿಸಿದ ಜಾಗವೇ ಕಾಯಿಲೆ ಹೇಳುತ್ತದೆ. ಪಂಪಿನಿಂದ ರ್ಯಾಕಿಗೆ ಆಯಿಲ್ ಒಯ್ಯುವ ಪ್ರೆಷರ್ ಹೋಸಿನ ರಬ್ಬರಿಗೆ ಲೋಹದ ತುದಿ ಒತ್ತಿ ಕೂರಿಸಿದ ಜಾಗದಲ್ಲಿ ಒದ್ದೆಯಿದ್ದರೆ ಆ ಹೋಸನ್ನೇ ಬದಲಿಸಿ. ಕ್ಲಿಪ್ ಬಿಗಿದು, ಟೇಪು ಸುತ್ತಿ ಅಷ್ಟು ಒತ್ತಡ ತಡೆಯಲಾಗದು. ಆಯಿಲ್ ಡಬ್ಬಿಗೆ ಮರಳುವ ರಿಟರ್ನ್ ಹೋಸಿನ ಕ್ಲಿಪ್ ಬಳಿ ಒದ್ದೆಯಿದ್ದರೆ ತುದಿಯನ್ನು ಅರ್ಧ ಅಂಗುಲ ಕತ್ತರಿಸಿ ಹೊಸ ಕ್ಲಿಪ್ ಹಾಕಿದರೆ ಸಾಕು. ಪಂಪಿನ ಪುಲ್ಲಿಯ ಹಿಂದೆ ಆಯಿಲ್ ವೃತ್ತಾಕಾರವಾಗಿ ಎರಚಿದ್ದರೆ ಹೋಗಿರುವುದು ಪಂಪಿನ ಶಾಫ್ಟ್ ಸೀಲು. ಕೊನೆಯದಾಗಿ, ರ್ಯಾಕಿನ ಎರಡೂ ತುದಿಯಲ್ಲಿ ಮಡಿಕೆ ಮಡಿಕೆಯ ರಬ್ಬರ್ ಬೂಟ್ ಇರುತ್ತದೆ. ಎಂಜಿನ್ ಆಫ್ ಮಾಡಿ ಅದನ್ನು ಬೆರಳಲ್ಲಿ ಹಿಚುಕಿ. ಒಳಗೆ ಆಯಿಲ್ ತುಂಬಿ ಬಲೂನಿನಂತೆ ಉಬ್ಬಿದ್ದರೆ, ಚಿಕ್ಕ ಕ್ಲಿಪ್ ಸಡಿಲಿಸಿದೊಡನೆ ಧಾರೆ ಸುರಿದರೆ, ಆಗ ಗ್ಯಾರೇಜಿನವರ ಮಾತು ನಿಜ. ಆಗಲೂ ಸೀಲ್ ಕಿಟ್ ಹಾಕಿ ಸರಿಪಡಿಸಬಹುದೇ ಎಂದು ಮೊದಲು ಕೇಳಿ. ರ್ಯಾಕಿನ ಒಳಗಿನ ರಾಡು ತುಕ್ಕು ಹಿಡಿದು ಗೀರು ಬಿದ್ದಿದ್ದರೆ ಮಾತ್ರ ಕಿಟ್ ನಿಲ್ಲುವುದಿಲ್ಲ. ಬೂಟ್ ಒಣಗಿದ್ದರೆ ರ್ಯಾಕಿನ ತುದಿಯ ಸೀಲುಗಳನ್ನು ದೂರಬೇಡಿ. ಇನ್ನು ಸ್ಟೇರಿಂಗ್ ರಾಡು ರ್ಯಾಕಿಗೆ ಸೇರುವ ಮೇಲ್ತುದಿಯ ಸೀಲೊಂದನ್ನು ನೋಡಿದರೆ ರ್ಯಾಕಿನ ಪರೀಕ್ಷೆ ಮುಗಿಯಿತು.

ಹೊರಗೆ ಎಲ್ಲೂ ಒದ್ದೆಯಿಲ್ಲದೆ, ಆಯಿಲ್ ಮಟ್ಟವೂ ಇಳಿಯದೆ ನೊರೆ ಮಾತ್ರ ಬರುತ್ತಿದ್ದರೆ ಡಬ್ಬಿಯಿಂದ ಪಂಪಿಗೆ ಹೋಗುವ ದಪ್ಪ ಹೋಸನ್ನು ಅನುಮಾನಿಸಿ. ಅಲ್ಲಿ ಪಂಪು ಹೀರುತ್ತಿರುತ್ತದೆ. ರಬ್ಬರ್ ಗಟ್ಟಿಯಾಗಿ ಕ್ಲಿಪ್ ಸಡಿಲವಾದರೆ ಗಾಳಿ ಒಳಗೆ ಹೋಗುತ್ತದೆ, ಆಯಿಲ್ ಮಾತ್ರ ಹೊರಗೆ ಬರುವುದಿಲ್ಲ. ಚಿಕ್ಕ ಕ್ಲಿಪ್ಪಿನ ಈ ತೊಂದರೆಗೆ ಒಳ್ಳೆಯ ಪಂಪುಗಳನ್ನೇ ಬದಲಿಸಿಬಿಡುತ್ತಾರೆ.

ಸೋರಿಕೆ ನಿಂತ ಮೇಲೆ ಗಾಳಿ ತೆಗೆಯಬೇಕು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಮುಂಭಾಗವನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕಿನ ಮೇಲೆ ಬಿಡಬೇಡಿ. ಡಬ್ಬಿ ತುಂಬಿಸಿ, ಎಂಜಿನ್ ಚಾಲೂ ಮಾಡದೆ, ಸ್ಟೇರಿಂಗ್ ಲಾಕ್ ಬಿಡುವಷ್ಟು ಕೀ ತಿರುಗಿಸಿ, ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ 15 ರಿಂದ 20 ಸಲ ತಿರುಗಿಸಿ. ನಡುನಡುವೆ ಆಯಿಲ್ ಇಳಿಯುತ್ತದೆ, ತುಂಬುತ್ತಿರಿ. ಗುಳ್ಳೆ ನಿಂತ ಮೇಲೆ ಗಾಡಿ ಇಳಿಸಿ, ಎಂಜಿನ್ ಚಾಲೂ ಮಾಡಿ ಮತ್ತೆ ಮೂರರಿಂದ ಐದು ಸಲ. ಸ್ಟೇರಿಂಗನ್ನು ತಿರುವಿನ ಕೊನೆಯಲ್ಲಿ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದು ನಿಲ್ಲಿಸಬೇಡಿ. ಆಮೇಲೆ ಎಂಜಿನ್ ಆಫ್ ಮಾಡುವಾಗ ಡಬ್ಬಿಯ ಮಟ್ಟ ನೋಡಿ. 5 ಮಿ.ಮೀ.ಗಿಂತ ಹೆಚ್ಚು ಮೇಲೇರಿದರೆ ಒಳಗೆ ಇನ್ನೂ ಗಾಳಿಯಿದೆ. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಇನ್ನೊಮ್ಮೆ ಮಾಡಿ. ಎಂಜಿನ್ ಚಾಲೂ ಮಾಡಿಯೇ ಗಾಳಿ ತೆಗೆಯಲು ಹೊರಟರೆ ಪಂಪು ಗಾಳಿಯನ್ನು ಆಯಿಲಿನೊಳಗೆ ಕಡೆದು ನೊರೆ ಮಾಡುತ್ತದೆ, ದಿನಗಟ್ಟಲೆ ಬಿಡುವುದಿಲ್ಲ.

ಪ್ರಶ್ನೆ: ಎಡಕ್ಕೆ ಹಗುರ, ಬಲಕ್ಕೆ ಬಿಗಿ. ಅಲೈನ್‌ಮೆಂಟ್ ಮಾಡಿಸಿದರೂ ಹೋಗಲಿಲ್ಲ. (ಸಕಲೇಶಪುರ)

ಉತ್ತರ: ಮುಂದಿನ ಚಕ್ರಗಳನ್ನು ಎತ್ತಿ, ಎಂಜಿನ್ ಆಫ್ ಇಟ್ಟು, ಕೈಯಲ್ಲಿ ಎರಡೂ ಕಡೆ ತಿರುಗಿಸಿ ನೋಡಿ. ಆಗ ಎರಡೂ ಕಡೆ ಸಮ, ಎಂಜಿನ್ ಚಾಲೂ ಆದಾಗ ಮಾತ್ರ ಬಲಕ್ಕೆ ಬಿಗಿ ಎಂದಾದರೆ ರ್ಯಾಕಿನ ಒಳಗಿನ ವಾಲ್ವ್ ಅಥವಾ ಪಿಸ್ಟನ್ ಸೀಲು ಸವೆದು ಆಯಿಲ್ ಒಂದು ಕಡೆಗೆ ಒತ್ತಡ ಕಟ್ಟುತ್ತಿಲ್ಲ. ಪಂಪು ಎರಡು ಕಡೆಗೂ ಒಂದೇ ಆದ್ದರಿಂದ ತಪ್ಪು ಅದರದಲ್ಲ, ಯಾರು ಹೇಳಿದರೂ ಪಂಪು ಬದಲಿಸಬೇಡಿ. ಎಂಜಿನ್ ಆಫ್ ಇದ್ದಾಗಲೂ ಬಲಕ್ಕೆ ಬಿಗಿಯಾದರೆ ಕಾಯಿಲೆ ಆಯಿಲಿನದಲ್ಲ. ಚಕ್ರದ ಬಳಿಯ ಕೀಲುಗಳಾದ ಬಾಲ್ ಜಾಯಿಂಟ್, ಟೈರಾಡ್ ಎಂಡ್‌ಗಳನ್ನು ಒಂದೊಂದಾಗಿ ಬಿಡಿಸಿ ಕೈಯಲ್ಲಿ ಆಡಿಸಿ ನೋಡಬೇಕು.

ಪ್ರಶ್ನೆ: ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ತಿರುಗಿಸುವಾಗ ಒಂದು ಕಡೆ ಬಿಗಿ, ಸ್ವಲ್ಪ ಮುಂದೆ ಹಗುರ, ಮತ್ತೆ ಬಿಗಿ. ಗಾಡಿ ದಿನವೂ ತೋಟದ ಮಣ್ಣು ರಸ್ತೆಯಲ್ಲಿ ಓಡುತ್ತದೆ. (ಮೂಡಿಗೆರೆ)

ಉತ್ತರ: ಸ್ಟೇರಿಂಗ್ ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಸಲ ಬಿಗಿಯಾಗುತ್ತದೆಯೇ ಎಣಿಸಿ. ಹೌದಾದರೆ ಸ್ಟೇರಿಂಗ್ ರಾಡಿನ ಯೂನಿವರ್ಸಲ್ ಜಾಯಿಂಟ್ (ರಾಡು ಓರೆಯಾಗುವಲ್ಲಿರುವ ಕೀಲು) ಹಿಡಿದುಕೊಂಡಿದೆ. ನೀವು ಹೇಳಿದ ಲಕ್ಷಣ ಹೆಚ್ಚುಕಡಿಮೆ ಅದನ್ನೇ ತೋರಿಸುತ್ತದೆ. ಎಂಜಿನ್ ಕಡೆ ಇರುವ ಜಾಯಿಂಟಿಗೆ ಮಳೆಗಾಲದ ಕೆಸರು ನೀರು ಸಿಡಿದು, ಒಳಗಿನ ಸೂಜಿ ಬೇರಿಂಗಿನ ಗ್ರೀಸ್ ತೊಳೆದುಹೋಗಿ ತುಕ್ಕು ಹಿಡಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹೊಡೆದರೆ ಒಂದೆರಡು ವಾರ ಸರಿಹೋಗುತ್ತದೆ. ಅದರಿಂದ ಕಾಯಿಲೆ ಇದೇ ಎಂದು ಖಾತ್ರಿಯಾಯಿತು ಅಷ್ಟೆ, ವಾಸಿಯಾಗಲಿಲ್ಲ. ಜಾಯಿಂಟ್ ಬದಲಿಸಿ. ಬಿಚ್ಚುವ ಮೊದಲು ಚಕ್ರ ನೇರ ಇಟ್ಟು, ರಾಡಿಗೂ ಜಾಯಿಂಟಿಗೂ ಬಣ್ಣದಲ್ಲಿ ಗುರುತು ಹಾಕಿಸಿ, ಸ್ಟೇರಿಂಗನ್ನು ಸೀಟ್ ಬೆಲ್ಟಿನಿಂದ ಕಟ್ಟಿಸಿ. ರಾಡು ಬಿಚ್ಚಿದಾಗ ಸ್ಟೇರಿಂಗ್ ಸುತ್ತಿಬಿಟ್ಟರೆ ಅದರ ಕೆಳಗಿರುವ ಏರ್‌ಬ್ಯಾಗ್ ಮತ್ತು ಹಾರ್ನಿನ ಸುರುಳಿ ವೈರು ತುಂಡಾಗುತ್ತದೆ.

ಪ್ರಶ್ನೆ: ನಮ್ಮದು ಕರೆಂಟ್ ಸ್ಟೇರಿಂಗ್. ಮೀಟರಿನಲ್ಲಿ ಸ್ಟೇರಿಂಗ್ ದೀಪ ಹತ್ತಿ ಪೂರ್ತಿ ಬಿಗಿಯಾಗುತ್ತದೆ, ಆಫ್ ಮಾಡಿ ಚಾಲೂ ಮಾಡಿದರೆ ಸರಿಹೋಗುತ್ತದೆ. ಮುಳ್ಳಯ್ಯನಗಿರಿಗೆ ಹೋದಾಗ ಎರಡು ಸಲ ಹೀಗಾಯಿತು. (ಬೇಲೂರು)

ಉತ್ತರ: ಮೊದಲು ಬ್ಯಾಟರಿ. ಸ್ಟೇರಿಂಗ್ ಮೋಟಾರು ನಿಂತಲ್ಲೇ ತಿರುಗಿಸುವಾಗ ಹತ್ತಾರು ಆಂಪಿಯರ್ ಎಳೆಯುತ್ತದೆ. ವೋಲ್ಟೇಜ್ ಕುಸಿದರೆ ಅದರ ಕಂಟ್ರೋಲ್ ಯೂನಿಟ್ ಸಹಾಯ ನಿಲ್ಲಿಸಿ ದೀಪ ಹೊತ್ತಿಸುತ್ತದೆ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಗೆ ಬೆಳಿಗ್ಗೆ ಮಲ್ಟಿಮೀಟರ್ ಇಟ್ಟರೆ 12.6 ವೋಲ್ಟ್ ಆಸುಪಾಸು ಇರಬೇಕು. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಎಂಜಿನ್ ಚಾಲೂ ಇದ್ದಾಗ 13.8 ರಿಂದ 14.5 ತೋರಿಸುವುದು ವಾಡಿಕೆ. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಬಿಸಿನೀರು, ಅಡುಗೆ ಸೋಡಾ ಹಾಕಿ ತೊಳೆದು ಬಿಗಿ ಮಾಡಿ. ಬ್ಯಾಟರಿಯಿಂದ ಗಾಡಿಯ ಲೋಹದ ಮೈಗೆ ಬರುವ ಅರ್ತ್ ವೈರಿನ ಬೋಲ್ಟನ್ನೂ ಬಿಚ್ಚಿ ಉಜ್ಜಿ ಹಾಕಿ.

ಗಿರಿಯಲ್ಲಿ ಮಾತ್ರ ಹೀಗಾಗುತ್ತಿದ್ದರೆ ಇನ್ನೊಂದು ಕಾರಣವೂ ಇದೆ. ಆ ಕಿರಿದಾದ ರಸ್ತೆಯಲ್ಲಿ ರಜಾದಿನ ಗಾಡಿಗಳು ಕಟ್ಟಿಕೊಂಡಾಗ ಎದುರಿನವರಿಗೆ ದಾರಿ ಕೊಡಲು ನಿಂತಲ್ಲೇ ಎಡಕ್ಕೆ ಬಲಕ್ಕೆ ತಿರುಗಿಸುತ್ತಲೇ ಇರುತ್ತೇವೆ. ಮೋಟಾರು ಬಿಸಿಯಾದಾಗ ತನ್ನನ್ನು ಕಾಪಾಡಿಕೊಳ್ಳಲು ಬಲ ಕಡಿಮೆ ಮಾಡುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟರೆ ಮರಳಿ ಬರುತ್ತದೆ. ಚಕ್ರ ಒಂದಡಿಯಾದರೂ ಉರುಳುತ್ತಿರುವಾಗ ತಿರುಗಿಸುವ ಅಭ್ಯಾಸ ಮಾಡಿಕೊಳ್ಳಿ, ಅರ್ಧ ಹೊರೆ ಇಳಿಯುತ್ತದೆ.

ಸ್ಟೇರಿಂಗ್ ದೀಪದ ಜೊತೆ ಎಬಿಎಸ್ ದೀಪವೂ ಹತ್ತಿದರೆ ಚಕ್ರದ ಸೆನ್ಸರ್ ವೈರು ನೋಡಿಸಿ. ಗಾಡಿಯ ವೇಗ ತಿಳಿಯದೆ ಸ್ಟೇರಿಂಗ್ ಯೂನಿಟ್ ಗೊಂದಲಕ್ಕೆ ಬೀಳುತ್ತದೆ. ಕಾಫಿ, ಭತ್ತ ಇಡುವ ಗೋದಾಮಿನ ಪಕ್ಕ ಗಾಡಿ ನಿಲ್ಲಿಸುವವರು ಇಲಿ ಕಡಿದ ಗುರುತು ಹುಡುಕಿ. ಇದೆಲ್ಲ ಸರಿಯಿದ್ದೂ ದೀಪ ಬಂದರೆ ಸ್ಕ್ಯಾನರ್ ಹಾಕಿ ಕೋಡ್ ಬರೆದುಕೊಡಲು ಹೇಳಿ. ಟಾರ್ಕ್ ಸೆನ್ಸರ್ (ಕೈ ಎಷ್ಟು ಬಲ ಹಾಕುತ್ತಿದೆ ಎಂದು ಅಳೆಯುವ ಭಾಗ) ಎಂದು ಬಂದರೆ ಖರ್ಚು ದೊಡ್ಡದು. ಆ ಕೋಡ್ ಕಣ್ಣಾರೆ ನೋಡದೆ ಸ್ಟೇರಿಂಗ್ ಕೆಳಗಿನ ಕಂಬವನ್ನು (ಕಾಲಂ) ಬದಲಿಸಲು ಒಪ್ಪಿಗೆ ಕೊಡಬೇಡಿ.

ಪ್ರಶ್ನೆ: ಚಾರ್ಮಾಡಿ ಘಾಟಿ ಇಳಿಯುವಾಗ ನಮ್ಮ ಚಾಲಕರು ಡೀಸೆಲ್ ಉಳಿಯಲೆಂದು ಎಂಜಿನ್ ಆಫ್ ಮಾಡುತ್ತಾರೆ. ಪವರ್ ಸ್ಟೇರಿಂಗಿಗೆ ತೊಂದರೆಯೇ? (ಕೊಟ್ಟಿಗೆಹಾರ)

ಉತ್ತರ: ಸ್ಟೇರಿಂಗಿಗಲ್ಲ, ಒಳಗೆ ಕೂತವರಿಗೆ. ಇವತ್ತೇ ನಿಲ್ಲಿಸಿ. ಎಂಜಿನ್ ನಿಂತರೆ ಪಂಪು ನಿಲ್ಲುತ್ತದೆ, ಹೇರ್‌ಪಿನ್ ತಿರುವಿನಲ್ಲಿ ಸ್ಟೇರಿಂಗ್ ಕಲ್ಲಾಗುತ್ತದೆ. ಬ್ರೇಕ್ ಹಗುರ ಮಾಡುವ ಬೂಸ್ಟರಿನಲ್ಲಿ ಎರಡು ಮೂರು ಸಲ ಒತ್ತುವಷ್ಟು ಶಕ್ತಿ ಮಾತ್ರ ಉಳಿದಿರುತ್ತದೆ. ಕೈತಪ್ಪಿ ಕೀ ಹೊರಬಂದರೆ ಸ್ಟೇರಿಂಗ್ ಲಾಕ್ ಬೀಳುತ್ತದೆ. ಡೀಸೆಲ್ಲೂ ಉಳಿಯುವುದಿಲ್ಲ. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿದರೆ ಇಂಜೆಕ್ಟರುಗಳು ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತವೆ. ಎರಡನೇ ಗೇರಿನಲ್ಲಿ ಇಳಿಯಲಿ. ಎಂದಾದರೂ ಎಂಜಿನ್ ತಾನಾಗಿ ನಿಂತುಹೋದರೆ ಬ್ರೇಕನ್ನು ಪದೇಪದೇ ತುಳಿಯದೆ ಒಂದೇ ಸಲ ಒತ್ತಿ ಹಿಡಿಯಬೇಕು, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಲವಾಗಿ ಎಳೆಯಬೇಕು. ಬಿಗಿಯಾದರೂ ಅದು ತಿರುಗಿಯೇ ತಿರುಗುತ್ತದೆ.

ಪ್ರಶ್ನೆ: ದಾರಿಯಲ್ಲಿ ಸ್ಟೇರಿಂಗ್ ಆಯಿಲ್ ಸಿಗದಿದ್ದರೆ ಬ್ರೇಕ್ ಆಯಿಲ್ ಹಾಕಬಹುದೇ? (ಹಾಸನ)

ಉತ್ತರ: ಬೇಡವೇ ಬೇಡ. ಬ್ರೇಕ್ ಆಯಿಲ್ ತಾಗಿದರೆ ಪವರ್ ಸ್ಟೇರಿಂಗಿನ ಸೀಲುಗಳು ಉಬ್ಬಿ ಮೆತ್ತಗಾಗುತ್ತವೆ. ಡಬ್ಬಿಯ ಮುಚ್ಚಳದ ಮೇಲೆ ಅಥವಾ ಗಾಡಿಯ ಪುಸ್ತಕದಲ್ಲಿ ಬರೆದಿರುವ ಆಯಿಲನ್ನೇ ಹಾಕಿ. ಹಳೆಯ ಇನ್ನೋವಾದಂಥ ಗಾಡಿಗಳಿಗೆ ಡೆಕ್ಸ್‌ರಾನ್ 2 ಅಥವಾ 3 ದರ್ಜೆಯ ಕೆಂಪು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೂ ಹಾಕುವ ಆಯಿಲ್), ಬಿಡಿಭಾಗದ ಅಂಗಡಿಗಳಲ್ಲಿ ಒಂದು ಲೀಟರ್ ಬಾಟಲಿಯಲ್ಲಿ ಸಿಗುತ್ತದೆ. ಹಸಿರು ಆಯಿಲ್ ಬೇಡುವ ಗಾಡಿಗೆ ಕೆಂಪು ಬೆರೆಸಬೇಡಿ. ತಪ್ಪಿ ಬ್ರೇಕ್ ಆಯಿಲ್ ಹಾಕಿಬಿಟ್ಟಿದ್ದರೆ ಎಂಜಿನ್ ಚಾಲೂ ಮಾಡದೆ ಸಿರಿಂಜಿನಿಂದ ಡಬ್ಬಿ ಖಾಲಿ ಮಾಡಿ, ಒರೆಸಿ, ಸರಿಯಾದ ಆಯಿಲ್ ತುಂಬಿ. ಗಾಡಿ ಓಡಿಸಿಯಾಗಿದ್ದರೆ ರಿಟರ್ನ್ ಹೋಸ್ ಬಿಡಿಸಿ, ಎರಡು ಲೀಟರ್ ಹೊಸ ಆಯಿಲ್ ಹರಿಸಿ ಪೂರ್ತಿ ತೊಳೆಸಿ, ಆಮೇಲೆ ಒಂದು ತಿಂಗಳು ವಾರಕ್ಕೊಮ್ಮೆ ರ್ಯಾಕಿನ ಬೂಟ್ ಹಿಚುಕಿ ನೋಡುತ್ತಿರಿ.