ಓದುಗರ ಪ್ರಶ್ನೆ, ನಮ್ಮ ಉತ್ತರ: ಕಲ್ಪನೆಯ ದೇಶಕ್ಕೊಂದು ಯುದ್ಧನೌಕೆ

ಪ್ರಶ್ನೆ: ಕತೆಯೊಂದಕ್ಕಾಗಿ 1908ರ ಹೊತ್ತಿನ ಒಂದು ಪುಟ್ಟ ದ್ವೀಪರಾಷ್ಟ್ರವನ್ನು ಕಲ್ಪಿಸಿಕೊಂಡಿದ್ದೇನೆ. ಅದರ ಹಡಗಿನ ಉದ್ದ 90 ಮೀಟರ್, ಅಗಲ 15.5 ಮೀಟರ್, ನೀರೊಳಗಿನ ಆಳ 5.2 ಮೀಟರ್. 305 ಮಿ.ಮೀ.ನ ನಾಲ್ಕು ಫಿರಂಗಿ, ವೇಗ 23 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ). ಇದು ಆಗದ ಮಾತು ಎನ್ನುತ್ತಾರೆ. ಏಕೆ?

ಉತ್ತರ: ತೂಕದ ಲೆಕ್ಕಕ್ಕೆ ಮೊದಲೇ ಚಿತ್ರ ಬರೆದುಬಿಟ್ಟಿದ್ದೀರಿ. ಈ ಅಳತೆಯ ಒಡಲು ಎಷ್ಟು ಭಾರ ಹೊರುತ್ತದೆಂದು ನೋಡೋಣ. ಉದ್ದ, ಅಗಲ, ಆಳ ಮೂರನ್ನೂ ಗುಣಿಸಿ. ಹಡಗು ಎರಡೂ ತುದಿಗೆ ಸಪೂರವಾಗುವುದರಿಂದ ಬಂದದ್ದನ್ನು 0.60ರಿಂದ ಗುಣಿಸಿ. ಸಮುದ್ರದ ನೀರು ಘನಮೀಟರಿಗೆ 1.025 ಟನ್ ತೂಗುತ್ತದೆ, ಅದರಿಂದಲೂ ಗುಣಿಸಿ. ಸುಮಾರು 4,460 ಟನ್ ಬರುತ್ತದೆ. ಪ್ರತಿ ರಿವೆಟ್, ಪ್ರತಿ ನಾವಿಕ, ಪ್ರತಿ ಬುಟ್ಟಿ ಕಲ್ಲಿದ್ದಲು ಇದರೊಳಗೇ ಮುಗಿಯಬೇಕು.

ಉಕ್ಕಿನ ಒಡಲಿಗೇ ನೂರಕ್ಕೆ 36 ಪಾಲು, ಅಂದರೆ 1,600 ಟನ್ ಎತ್ತಿಡಿ. ಎಂಜಿನ್ ಶಕ್ತಿಗೆ ಬ್ರಿಟಿಷ್ ನೌಕಾಡಳಿತದ ಹೆಸರಿನ ಹಳೆಯ ಅಡ್ಮಿರಾಲ್ಟಿ ಸೂತ್ರವಿದೆ: ಹಡಗಿನ ತೂಕದ ಘನಮೂಲವನ್ನು ವರ್ಗ ಮಾಡಿ, ವೇಗದ ಘನದಿಂದ ಗುಣಿಸಿ, 230ರಿಂದ ಭಾಗಿಸಿ. 23 ನಾಟ್‌ಗೆ 14,300 ಅಶ್ವಶಕ್ತಿ ಬೇಕಾಗುತ್ತದೆ. ಬಾಯ್ಲರ್, ನೀರು, ಶಾಫ್ಟ್ ಎಲ್ಲ ಸೇರಿ ಟನ್ನಿಗೆ 11 ಅಶ್ವಶಕ್ತಿಯೆಂದು ಹಿಡಿದರೂ 1,300 ಟನ್ ಆಯಿತು. ಒಡಲು ಗಿಡ್ಡವಾಗಿದ್ದಷ್ಟೂ ವೇಗ ಏರಿದಾಗ ತನ್ನದೇ ಅಲೆಯನ್ನು ಹತ್ತಬೇಕಾಗುತ್ತದೆ. ಹಾಗಾಗಿ ನಿಜವಾದ ಖರ್ಚು ಇನ್ನೂ ಹೆಚ್ಚು. ಇನ್ನು ಫಿರಂಗಿ. ಆ ಕಾಲದ ಬ್ರಿಟಿಷ್ 12 ಇಂಚಿನ (305 ಮಿ.ಮೀ.) ಒಂದು ಕೊಳವೆಯೇ 57 ಟನ್ ಆಸುಪಾಸು. ನಾಲ್ಕು ಫಿರಂಗಿ, ಅವನ್ನು ಹೊತ್ತು ತಿರುಗುವ ಎರಡು ಕವಚಗೋಪುರ (ಟರೆಟ್), ಅವುಗಳ ಕೆಳಗಿನ ಕವಚದ ಬಾವಿ, ಗುಂಡು, ಮದ್ದು ಎಲ್ಲ ಕೂಡಿದರೆ ಸಾವಿರ ಟನ್ ದಾಟುತ್ತದೆ. ಉಳಿದದ್ದು 560 ಟನ್. ಒಡಲ ಕವಚ, ಕಲ್ಲಿದ್ದಲು, ಜನ, ನೀರು, ಅನ್ನ ಎಲ್ಲಕ್ಕೂ ಅಷ್ಟೇ!

ಇದೇ ಒಡಲಿಗೆ ಒಗ್ಗುವ ಹಂಚಿಕೆ ಹೀಗಿರಲಿ: 240 ಮಿ.ಮೀ.ನ ಎರಡು ಒಂಟಿ ಫಿರಂಗಿ, 152 ಮಿ.ಮೀ.ನ ಆರು, ವೇಗ 17 ನಾಟ್. ಆಗ ಒಡಲು 1,600 ಟನ್, ಯಂತ್ರ 530, ಕವಚ 1,050, ಆಯುಧ 480, ಕಲ್ಲಿದ್ದಲು 300, ಜನ ಮತ್ತು ಸಾಮಾನು 250. ಮಿಕ್ಕ 250 ಟನ್ನನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಕಟ್ಟುವಾಗ ಹಡಗು ತೂಕ ಏರಿಸಿಕೊಳ್ಳದೆ ಇರುವುದಿಲ್ಲ.

ನಿಜದ ಸಾಕ್ಷಿ ಬೇಕಿದ್ದರೆ ನಾರ್ವೆ ಆರ್ಮ್‌ಸ್ಟ್ರಾಂಗ್ ಕಂಪನಿಯಿಂದ ಕಟ್ಟಿಸಿದ ನೋರ್ಗೆ ಮತ್ತು ಐಡ್ಸ್‌ವೋಲ್ಡ್ ನೋಡಿ. 4,200 ಟನ್ ಆಸುಪಾಸಿನ ಅವುಗಳಿಗೆ 21 ಸೆಂ.ಮೀ.ನ ಎರಡೇ ಫಿರಂಗಿ, ವೇಗ ಸುಮಾರು 17 ನಾಟ್. ನಾಲ್ಕು ದೊಡ್ಡ ಫಿರಂಗಿ, 22 ನಾಟ್ ವೇಗ ಎರಡೂ ಬೇಕೆಂದ ಸ್ವೀಡನ್, ‘ಸ್ವೆರಿಯೆ’ ಹಡಗನ್ನು ಸುಮಾರು 120 ಮೀಟರ್ ಉದ್ದ, 7,000 ಟನ್ ತೂಕಕ್ಕೆ ಬೆಳೆಸಬೇಕಾಯಿತು. ಆಗಲೂ ಫಿರಂಗಿ 283 ಮಿ.ಮೀ.ಗೆ ನಿಂತಿತು.

ಪ್ರಶ್ನೆ: ಕವಚದ ದಪ್ಪ ನಿರ್ಧರಿಸುವುದು ಹೇಗೆ? ಸುತ್ತಲೂ 200 ಮಿ.ಮೀ. ಹಾಕಿದರೆ ಸಾಲದೇ?

ಉತ್ತರ: ಸುತ್ತಲೂ ಹಾಕಲು ತೂಕ ಬಿಡುವುದಿಲ್ಲ. ಉಕ್ಕು ಘನಮೀಟರಿಗೆ 7.85 ಟನ್. ಬಾಯ್ಲರ್, ಎಂಜಿನ್, ಮದ್ದಿನ ಕೋಣೆ ಇರುವ ನಡುಭಾಗದ 56 ಮೀಟರಿಗೆ ಮಾತ್ರ, 2.1 ಮೀಟರ್ ಎತ್ತರದ, 180 ಮಿ.ಮೀ. ದಪ್ಪದ ಪಟ್ಟಿಯನ್ನು ಎರಡೂ ಬದಿಗೆ ಹಾಕಿದರೇ 332 ಟನ್. ಡೆಕ್ ಎಲ್ಲರ ಲೆಕ್ಕವನ್ನೂ ತಪ್ಪಿಸುವ ಜಾಗ. 60 ಮೀಟರ್ ಉದ್ದ, 14 ಮೀಟರ್ ಅಗಲಕ್ಕೆ 50 ಮಿ.ಮೀ. ಹಾಸಿದರೆ ಹೆಚ್ಚುಕಡಿಮೆ ಅಷ್ಟೇ, 330 ಟನ್. ಅಲ್ಲಿ ಒಂದು ಮಿಲಿಮೀಟರ್ ಏರಿಸಿದರೆ ಆರೂವರೆ ಟನ್ ಏರುತ್ತದೆ. ಉಳಿದ 390 ಟನ್ ಟರೆಟ್‌ಗಳಿಗೆ, ಅವುಗಳ ಕೆಳಗಿನ ಕವಚದ ಬಾವಿಗಳಾದ ಬಾರ್ಬೆಟ್‌ಗಳಿಗೆ, ಅಡ್ಡಗೋಡೆಗಳಿಗೆ, ನಾಯಕನ ಕವಚಗೂಡಿಗೆ.

ಪಟ್ಟಿಯ 75 ಸೆಂ.ಮೀ. ನೀರಿನ ಮೇಲೆ, 1.35 ಮೀಟರ್ ಕೆಳಗೆ ಇರಲಿ. ಈ 75 ಸೆಂ.ಮೀ. ಮೇಲೆಯೇ ಹಡಗಿನ ಹಣೆಬರಹ ನಿಂತಿದೆ. ನಿಮ್ಮ ಹಡಗನ್ನು ಒಂದು ಸೆಂ.ಮೀ. ಇಳಿಸಲು 10.3 ಟನ್ ಸಾಕು. ಕಟ್ಟುವಾಗ 300 ಟನ್ ಮೀರಿತು, ದೂರ ಹೋಗಬೇಕೆಂದು 150 ಟನ್ ಕಲ್ಲಿದ್ದಲು ಹೆಚ್ಚಿಗೆ ತುಂಬಿದರು ಎನ್ನಿ. ಹಡಗು 44 ಸೆಂ.ಮೀ. ಕುಸಿಯಿತು, ಮೇಲೆ ಉಳಿದ ಕವಚ 31 ಸೆಂ.ಮೀ. ಸಣ್ಣ ಅಲೆಗೂ ಅದು ಮುಚ್ಚಿಹೋಗುತ್ತದೆ. ಗುಂಡು ಬೀಳುವುದು ಅದರ ಮೇಲಿನ ತೆಳು ತಗಡಿಗೆ. ರಷ್ಯಾದ ಬೊರೊಡಿನೊ ವರ್ಗದ ಹಡಗುಗಳು 1905ರ ಮೇ 27ರಂದು ಜಪಾನ್ ವಿರುದ್ಧದ ತ್ಸುಶಿಮಾ ಕದನಕ್ಕೆ ಬಂದದ್ದು ಹೀಗೆ, ಅತಿಭಾರದಿಂದ ಮುಖ್ಯ ಪಟ್ಟಿ ನೀರಿಗಿಳಿದ ಸ್ಥಿತಿಯಲ್ಲಿ. ನಾಲ್ಕರಲ್ಲಿ ಮೂರು ಅದೇ ದಿನ ಮುಳುಗಿದವು.

ಪ್ರಶ್ನೆ: ಎತ್ತರದ ಬ್ರಿಜ್, ಅಡ್ಮಿರಲ್‌ಗೊಂದು ಮನೆ, ದಪ್ಪ ಕಂಬ ಸೇರಿಸಿದ್ದೇನೆ. ಎಲ್ಲ ಸೇರಿ 60 ಟನ್ ಅಷ್ಟೇ. ತೊಂದರೆಯೇ?

ಉತ್ತರ: 60 ಟನ್ ಎಷ್ಟು ಎತ್ತರದಲ್ಲಿದೆ ಎಂದು ಕೇಳಿಕೊಳ್ಳಿ. ಹಡಗು ವಾಲಿದಾಗ ಮತ್ತೆ ನೆಟ್ಟಗಾಗುವ ಶಕ್ತಿಯನ್ನು ಮೆಟಾಸೆಂಟರ್ ಎತ್ತರದಿಂದ ಅಳೆಯುತ್ತಾರೆ. ಹಡಗು ಯಾವ ಕಲ್ಪಿತ ಬಿಂದುವಿಗೆ ನೇತುಬಿದ್ದಂತೆ ತೂಗುತ್ತದೋ ಅದೇ ಮೆಟಾಸೆಂಟರ್. ನಿಮ್ಮ ಹಡಗಿನಲ್ಲಿ ಅದು ತಳದಿಂದ ಸುಮಾರು 6.4 ಮೀಟರ್ ಮೇಲಿದೆ. ಒಟ್ಟು ತೂಕದ ಕೇಂದ್ರವನ್ನು 5.6 ಮೀಟರಿಗೆ ಹಿಡಿದಿಟ್ಟರೆ ನಡುವೆ 80 ಸೆಂ.ಮೀ. ಸಿಗುತ್ತದೆ, ಇದೇ ಮೆಟಾಸೆಂಟರ್ ಎತ್ತರ. ಈ 60 ಟನ್ನನ್ನು 11 ಮೀಟರ್ ಎತ್ತರಕ್ಕೆ ಏರಿಸಿದರೆ ಕೇಂದ್ರ 7 ಸೆಂ.ಮೀ. ಏರುತ್ತದೆ. ಇಂಥವು ನಾಲ್ಕು ಸೇರಿದರೆ ಮೂರನೇ ಒಂದು ಪಾಲು ಭದ್ರತೆ ಹೋಯಿತು.

ಹಾಗೆಂದು ಅಗಲ ಏರಿಸಿ ಮೆಟಾಸೆಂಟರ್ ಎತ್ತರವನ್ನು ಎರಡು ಮೀಟರಿಗೆ ಒಯ್ಯಲೂಬೇಡಿ. ಅಗಲವನ್ನು 0.8ರಿಂದ ಗುಣಿಸಿ, ಮೆಟಾಸೆಂಟರ್ ಎತ್ತರದ ವರ್ಗಮೂಲದಿಂದ ಭಾಗಿಸಿದರೆ ತೂಗಾಟದ ಅವಧಿ ಸಿಗುತ್ತದೆ. 80 ಸೆಂ.ಮೀ.ಗೆ ಸುಮಾರು 14 ಸೆಕೆಂಡು, ನಿಧಾನದ ತೂಗು. ಎರಡು ಮೀಟರಿಗೆ, ಅಗಲದ ಏರಿಕೆ ಸೇರಿಸಿದರೂ, 10 ಸೆಕೆಂಡಿನ ಆಸುಪಾಸಿಗೆ ಬಂದು ಜಗ್ಗತೊಡಗುತ್ತದೆ, ಗುರಿ ಹಿಡಿಯುವವನ ಕಣ್ಣಿಗೆ ಶತ್ರು ನಿಲ್ಲುವುದೇ ಇಲ್ಲ.

ನಿಮ್ಮ ನಕ್ಷೆಯಲ್ಲಿ ಇನ್ನೊಂದು ಅಪಾಯವಿದೆ. ಎಂಜಿನ್ ಕೋಣೆಗಳ ನಡುವೆ ಉದ್ದಕ್ಕೆ ಗೋಡೆ ಎಳೆದಿದ್ದೀರಿ. ಒಂದು ಬದಿಗೆ ಟಾರ್ಪೆಡೊ ಬಡಿದರೆ ನೀರು ಆ ಬದಿಯಲ್ಲೇ ನಿಂತು ಹಡಗನ್ನು ಮಗುಚುತ್ತದೆ. ಅದನ್ನು ಅಳಿಸಿ, ಅಡ್ಡಗೋಡೆಗಳನ್ನು ಹೆಚ್ಚಿಸಿ. ಆದರೂ ಈ ಗಾತ್ರದ ಹಡಗಿಗೆ ಟಾರ್ಪೆಡೊ ತಡೆಯುವ ಅಗಲವೇ ಇಲ್ಲವೆಂಬುದು ಕತೆಯಲ್ಲೂ ನೆನಪಿರಲಿ. 1940ರ ಏಪ್ರಿಲ್ 9ರಂದು ನಾರ್ವಿಕ್‌ನಲ್ಲಿ ಐಡ್ಸ್‌ವೋಲ್ಡ್, ನೋರ್ಗೆ ಎರಡನ್ನೂ ಜರ್ಮನ್ ಡೆಸ್ಟ್ರಾಯರ್‌ಗಳು ಟಾರ್ಪೆಡೊದಿಂದಲೇ ಮುಳುಗಿಸಿದವು.

ಪ್ರಶ್ನೆ: 1906ರ ಬ್ರಿಟಿಷ್ ಯುದ್ಧನೌಕೆ ಡ್ರೆಡ್‌ನಾಟ್‌ಗೆ ಹಬೆಯ ಟರ್ಬೈನ್ ಇತ್ತು. ನನ್ನ ಹಡಗಿಗೂ ಇಡಲೇ? ಕಲ್ಲಿದ್ದಲು ಎಷ್ಟು ಬೇಕು?

ಉತ್ತರ: ಬೇಡ. ಆಗಿನ ಟರ್ಬೈನ್ ನೇರವಾಗಿ ಪ್ರೊಪೆಲರ್ ತಿರುಗಿಸುತ್ತಿತ್ತು. ಟರ್ಬೈನ್‌ಗೆ ಬೇಕಾದದ್ದು ಬಿರುಸು, ಪ್ರೊಪೆಲರ್‌ಗೆ ನಿಧಾನ. ನಡುವೆ ಗಿಯರ್ ಇಲ್ಲದೆ ಕಡಿಮೆ ವೇಗದಲ್ಲಿ ಹಬೆ ಪೋಲಾಗುತ್ತಿತ್ತು. ಕರಾವಳಿ ಕಾಯುವ ಹಡಗು ಹೆಚ್ಚಿನ ಹೊತ್ತು 10 ನಾಟ್‌ನಲ್ಲೇ ಇರುತ್ತದೆ. ಒಂದೇ ಹಬೆಯನ್ನು ಮೂರು ಹಂತದಲ್ಲಿ ದುಡಿಸುವ ಟ್ರಿಪಲ್ ಎಕ್ಸ್‌ಪಾನ್ಷನ್ ಎಂಜಿನ್ ಎರಡು ಇರಲಿ.

10 ನಾಟ್‌ಗೆ 1,180 ಅಶ್ವಶಕ್ತಿ ಸಾಕು. ಅಶ್ವಶಕ್ತಿಗೆ ಗಂಟೆಗೆ 0.9 ಕೆ.ಜಿ., ಜೊತೆಗೆ ಪಂಪು, ಡೈನಮೋ ಸೇರಿ ಗಂಟೆಗೆ 1.25 ಟನ್ ಉರಿಯುತ್ತದೆ. 300 ಟನ್ನಿಗೆ 2,400 ನಾಟಿಕಲ್ ಮೈಲಿ ಬರಬೇಕು. ಕಳಪೆ ಕಲ್ಲಿದ್ದಲು, ಪಾಚಿ ಹಿಡಿದ ತಳ ಇವಕ್ಕೆಂದು ಐದನೇ ಒಂದು ಪಾಲು ಕಳೆಯಿರಿ. ಒಂದು ಟನ್ನಿಗೆ 1.25 ಘನಮೀಟರ್ ಜಾಗ ಬೇಕು. ಕಲ್ಲಿದ್ದಲು ತುಂಬುವ ಬಂಕರ್‌ಗಳನ್ನು ಬಾಯ್ಲರ್ ಕೋಣೆಯ ಎರಡೂ ಪಕ್ಕದಲ್ಲಿಡಿ: ಒಲೆಗೆ ಹತ್ತಿರ, ಗುಂಡಿಗೂ ತಡೆ. ಆದರೆ ಎರಡೂ ಪಕ್ಕದಿಂದ ಸಮನಾಗಿ ತೆಗೆಯದಿದ್ದರೆ ಹಡಗು ವಾಲುತ್ತದೆ. ಬಹಳ ದಿನ ಕದಲದೆ ಬಿದ್ದ ಕಲ್ಲಿದ್ದಲು ಒಳಗೊಳಗೇ ಕಾದು ಹೊತ್ತಿಕೊಳ್ಳುತ್ತದೆ, ಆದ್ದರಿಂದ ಮದ್ದಿನ ಕೋಣೆಯ ಗೋಡೆಗೆ ಬಂಕರ್ ತಾಗಿಸಬೇಡಿ.

ಪ್ರಶ್ನೆ: 240, 210, 152 ಮಿ.ಮೀ. ಹೀಗೆ ಮೂರು ಬಗೆಯ ಫಿರಂಗಿ ಇಟ್ಟರೆ ಬಲ ಹೆಚ್ಚಲ್ಲವೇ?

ಉತ್ತರ: ದೂರದಿಂದ ಹೊಡೆಯುವಾಗ ಗುಂಡು ಎಲ್ಲಿ ಬಿತ್ತೆಂದು ತಿಳಿಯುವುದು ನೀರು ಚಿಮ್ಮಿದ್ದನ್ನು ನೋಡಿ. 240ರ ಚಿಮ್ಮು ಯಾವುದು, 210ರದು ಯಾವುದು ಎಂದು ಗೊತ್ತಾಗದಿದ್ದರೆ ಗುರಿ ತಿದ್ದಲಾಗದು. ಒಂದೇ ಅಳತೆಯ ಭಾರಿ ಫಿರಂಗಿಗಳಿಗೆ ಆಗ ಎಲ್ಲರೂ ತಿರುಗಿದ್ದಕ್ಕೆ ಇದೂ ಒಂದು ಕಾರಣ. 210 ಬಿಡಿ. 152ರವನ್ನು ನೀರಿಗೆ ಹತ್ತಿರದ ಕಿಂಡಿಗಳಲ್ಲಿ ಇಡದೆ ಮೇಲಿನ ಡೆಕ್ಕಿಗೆ ಏರಿಸಿ, ಇಲ್ಲದಿದ್ದರೆ ಗಾಳಿ ಬಂದಾಗ ಕಿಂಡಿ ತೆರೆಯಲೂ ಆಗುವುದಿಲ್ಲ.

ಪ್ರಶ್ನೆ: ಹಡಗಿನ ಅಳತೆಗೂ ದೇಶದ ಕಲ್ಪನೆಗೂ ಸಂಬಂಧವಿದೆಯೇ?

ಉತ್ತರ: ಖಂಡಿತ. ಬಂದರಿನ ಆಳ, ಹಡಗು ರಿಪೇರಿಗೆ ನೀರು ಬಸಿಯುವ ಡ್ರೈ ಡಾಕಿನ ಬಾಗಿಲಿನ ಅಗಲ, ಹಣ ಎಲ್ಲಿಂದ ಬಂತು ಎಂಬ ಮೂರನ್ನು ಮೊದಲು ಬರೆದಿಡಿ. ಸ್ಪೇನಿನ ಎಸ್ಪಾನ್ಯಾ ವರ್ಗ 15,700 ಟನ್ನಿಗೆ ನಿಂತು ಡ್ರೆಡ್‌ನಾಟ್ ಮಾದರಿಯ ಅತಿ ಸಣ್ಣ ಯುದ್ಧನೌಕೆ ಎನಿಸಿಕೊಂಡದ್ದು ಡಾಕು, ಹಣ ಎರಡೂ ಬಿಗಿಯಾಗಿದ್ದರಿಂದ. ಸ್ವೀಡನ್ನಿನಲ್ಲಿ ಸರ್ಕಾರ ‘ಸ್ವೆರಿಯೆ’ಯನ್ನು ಮುಂದೂಡಿದಾಗ 1912ರಲ್ಲಿ ಜನರೇ ದೇಣಿಗೆ ಕೂಡಿಸಿದರು. ನಿಮ್ಮ ದ್ವೀಪದ ಡಾಕಿನ ಬಾಗಿಲು 16 ಮೀಟರ್ ಇದ್ದರೆ 15.5 ಮೀಟರ್ ಅಗಲದ ಹಡಗು ಪಕ್ಕಕ್ಕೆ 25 ಸೆಂ.ಮೀ. ಬಿಟ್ಟು ನುಗ್ಗಬೇಕು. ಬಾಗಿಲನ್ನು 17 ಮೀಟರ್ ಮಾಡಿಕೊಳ್ಳಿ, ಇಲ್ಲವೇ ಹಡಗಿನ ಅಗಲ ತಗ್ಗಿಸಿ ಮೊದಲಿನಿಂದ ಲೆಕ್ಕ ಹಾಕಿ.