ಮನೆಯಲ್ಲಿ ಕಟ್ಟಿದ ಫ್ಲೈಟ್ ಸಿಮ್ಯುಲೇಟರ್ ಕಾಕ್‌ಪಿಟ್‌ನಲ್ಲಿ ಕ್ವೆಸ್ಟ್ 3 (ಕಣ್ಣಿಗೆ ಕಟ್ಟಿಕೊಳ್ಳುವ ಮೆಟಾ ಕಂಪನಿಯ ವಿಆರ್ ಹೆಡ್‌ಸೆಟ್) ಹಾಕಿಕೊಂಡರೆ ನಿಜವಾದ ಸ್ವಿಚ್‌ಗಳು ಕಾಣುತ್ತವೆಯೇ?

ಕಾಣುತ್ತವೆ. ಹೆಡ್‌ಸೆಟ್ ಮುಂದಿನ ಕ್ಯಾಮೆರಾಗಳು ನಿಮ್ಮ ಕೈ, ಥ್ರಾಟಲ್, ಸ್ವಿಚ್ ಎಲ್ಲವನ್ನೂ ಒಳಗಿನ ಪರದೆಗೆ ತರುತ್ತವೆ. ಆದರೆ ಕಿಟಕಿಯಾಚೆ ಸಿಮ್ಯುಲೇಟರ್‌ನ ಆಕಾಶವೇ ಬೇಕು, ಅಲ್ವಾ? ಅದಕ್ಕೆ ಸಿಮ್ ಚಿತ್ರದಲ್ಲಿ ಪ್ಯಾನೆಲ್ ಜಾಗಕ್ಕೆ ಒಂದೇ ಬಣ್ಣ ಕೊಡಬೇಕು. ಕಂಪ್ಯೂಟರ್‌ನ ಚಿತ್ರವನ್ನು ಹೆಡ್‌ಸೆಟ್‌ಗೆ ಕಳಿಸುವ ವರ್ಚುವಲ್ ಡೆಸ್ಕ್‌ಟಾಪ್ ಆ್ಯಪ್ ಆ ಬಣ್ಣ ಇದ್ದಲ್ಲೆಲ್ಲ ಕ್ಯಾಮೆರಾ ದೃಶ್ಯ ತೋರಿಸುತ್ತದೆ. ವರ್ಯೋ ಎಕ್ಸ್ಆರ್-3ರಂಥ ದುಬಾರಿ ಹೆಡ್‌ಸೆಟ್‌ನಲ್ಲಿ ಇದು ಉಲ್ಟಾ: ಕಿಟಕಿ ಜಾಗಕ್ಕೆ ಹಸಿರು ಬಟ್ಟೆ ಕಟ್ಟಿದರೆ ಅಲ್ಲಿ ಆಕಾಶ ಮೂಡುತ್ತದೆ.

ಬಳ್ಳಾರಿಯ ನನ್ನ ಪ್ಲೈವುಡ್ ಕಾಕ್‌ಪಿಟ್‌ನ ಗೋಳೇ ಬೇರೆ. ಬಿಸಿಲಿಗೆ ಹೆದರಿ ಕೋಣೆಯ ಕಿಟಕಿ ಮುಚ್ಚಿದೆ. ಕತ್ತಲಲ್ಲಿ ಕ್ಯಾಮೆರಾ ಚಿತ್ರವೆಲ್ಲ ಚುಕ್ಕಿ ಚುಕ್ಕಿ, ಸ್ವಿಚ್ ಮೇಲಿನ ಅಕ್ಷರ ಓದಲು ಆಗಲಿಲ್ಲ. ತಲೆಯ ಮೇಲೊಂದು ಎಲ್‌ಇಡಿ ಟ್ಯೂಬ್ ಹಾಕಿದ ಮೇಲೆ ಸರಿಹೋಯಿತು. ಸುಮ್ನೆ ಹೆಡ್‌ಸೆಟ್ ಬದಲಿಸಲು ಹೋಗಬೇಡಿ, ಮೊದಲು ಬೆಳಕು ಜಾಸ್ತಿ ಮಾಡಿ ನೋಡಿ.