ಟ್ಯಾಬ್‌ನಲ್ಲಿ ಓದಿದ್ದು ಪರೀಕ್ಷೆಯಲ್ಲಿ ಯಾಕೆ ಕೈಕೊಡುತ್ತೆ?

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಸೆಕೆಂಡ್ ಪಿಯುಸಿ ಹುಡುಗಿ, ರಾಜಾಜಿನಗರದ ಕಡೆಯವಳು, ಓದಿನ ಬಗ್ಗೆ ಸಲಹೆ ಕೇಳೋಕೆ ಅಪ್ಪನ ಜೊತೆ ನನ್ನ ಹತ್ತಿರ ಬಂದಿದ್ದಳು. ಕೂತ ತಕ್ಷಣ ಅಪ್ಪ ಶುರುಮಾಡಿದರು: "ಮೇಡಂ, ಬಯಾಲಜಿ ಮಾರ್ಕ್ಸ್ ಇಳೀತಾನೇ ಇದೆ. ಆ ಟ್ಯಾಬ್ ಕಿತ್ತಿಟ್ಟುಬಿಡ್ತೀನಿ." ಅವಳಿಗೆ ಅಳು ಬಂತು. ಟ್ಯೂಷನ್ ನೋಟ್ಸ್ ಎಲ್ಲಾ ಪಿಡಿಎಫ್, ಪಾಠವೂ ವಿಡಿಯೊದಲ್ಲೇ, ಟ್ಯಾಬ್ ಇಲ್ಲದೆ ಏನು ಓದಬೇಕು ಪಾಪ?

ಅಪ್ಪನನ್ನು ಹೊರಗೆ ಕೂರಿಸಿ ಅವಳೊಬ್ಬಳ ಜೊತೆ ಮಾತಾಡಿದೆ. ಹುಡುಗಿ ನಿಜಕ್ಕೂ ಓದುತ್ತಾಳೆ. "ಓದುವಾಗ ಎಲ್ಲಾ ಗೊತ್ತು ಅನ್ಸುತ್ತೆ ಮೇಡಂ, ಟೆಸ್ಟಲ್ಲಿ ಎರಡು ಆಪ್ಷನ್ ಮಧ್ಯೆ ಸಿಕ್ಕಿಹಾಕ್ಕೋತೀನಿ" ಅಂದಳು. ಸರಿ, ಕಿಡ್ನಿ ಪಾಠದ ಒಂದು ಪುಟ ಟ್ಯಾಬ್‌ನಲ್ಲೇ ಓದು, ಮುಚ್ಚಿಟ್ಟು ಮೂತ್ರ ಹೇಗೆ ತಯಾರಾಗುತ್ತೆ ಅಂತ ಬರಿ ಅಂದೆ. ನೆಫ್ರಾನ್‌ನ (ಕಿಡ್ನಿಯೊಳಗೆ ರಕ್ತ ಸೋಸುವ ಪುಟ್ಟ ಘಟಕ) ಅರ್ಧಕ್ಕೇ ಪೆನ್ನು ನಿಂತಿತು.

2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 54 ಅಧ್ಯಯನಗಳನ್ನು ಒಟ್ಟಿಗೆ ನೋಡಿತ್ತು. ಅವುಗಳಲ್ಲಿ ಭಾಗವಹಿಸಿದವರು 1.7 ಲಕ್ಷಕ್ಕೂ ಹೆಚ್ಚು. ಕಾಗದದಲ್ಲಿ ಓದಿದವರಿಗೆ ಸ್ವಲ್ಪ ಜಾಸ್ತಿ ಅರ್ಥವಾಗಿತ್ತು. ಕಥೆ ಓದುವಾಗ ಅಂಥ ವ್ಯತ್ಯಾಸ ಕಾಣಲಿಲ್ಲ, ಆದರೆ ಮಾಹಿತಿ ತುಂಬಿದ ಪಾಠಗಳಲ್ಲಿ ಕಂಡಿತು, ಸಮಯದ ಒತ್ತಡ ಇದ್ದಾಗ ಇನ್ನೂ ಹೆಚ್ಚಾಯಿತು. ಸಿಇಟಿ ಪ್ರವೇಶ ಪರೀಕ್ಷೆಯ ಬಯಾಲಜಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಅದೂ ಉತ್ತರದ ವೃತ್ತಗಳನ್ನು ಪೆನ್ನಿನಲ್ಲಿ ತುಂಬುವ ಓಎಂಆರ್ ಹಾಳೆಯ ಮೇಲೆ! ಸ್ಕ್ರೀನ್‌ನಲ್ಲಿ ಬೇಗ ಬೇಗ ಸರಿಸುತ್ತಾ ಹೋದಾಗ ಅರ್ಥವಾಯಿತು ಅನ್ನೋ ಭ್ರಮೆಯೂ ಸುಲಭವಾಗಿ ಬರುತ್ತದೆ, ಈ ಹುಡುಗಿಗೆ ಆಗಿದ್ದೂ ಅದೇ ಅನ್ನೋದು ನನ್ನ ಅಭಿಪ್ರಾಯ.

ಅವಳಿಗೆ ಹೇಳಿದ್ದು: ಬಯಾಲಜಿ ಥಿಯರಿಯನ್ನು ಪಠ್ಯಪುಸ್ತಕದಲ್ಲೇ ಓದು ಪುಟ್ಟಾ. ಪಿಡಿಎಫ್‌ನಲ್ಲಿ ಕಷ್ಟದ ಪಾಠಗಳನ್ನು ಮಾತ್ರ ಜೆರಾಕ್ಸ್ ಮಾಡಿಸು, ಅಂಚಿನಲ್ಲಿ ನಿನ್ನ ಮಾತಲ್ಲೇ ಬರಿ. ಹೃದಯದ ಕವಾಟ ಹೇಗೆ ತೆರೆದು ಮುಚ್ಚುತ್ತೆ ಅಂತ ತಿಳಿಯೋಕೆ ವಿಡಿಯೊ ನೋಡು, ಅದನ್ನು ಪುಸ್ತಕ ಅಷ್ಟು ಚೆನ್ನಾಗಿ ತೋರಿಸಲ್ಲ. ಆದರೆ ಎರಡು ಪುಟ ಆದಮೇಲೆ ಎಲ್ಲಾ ಮುಚ್ಚಿ ಖಾಲಿ ಹಾಳೆಯಲ್ಲಿ ಬರಿ. ಬೇಜಾರಾಗುತ್ತೆ, ಆದರೂ ಬಿಡಬೇಡ, ಉಳಿದ ಸಲಹೆಗಿಂತ ಇದೇ ಮುಖ್ಯ.

ಅಪ್ಪನಿಗೂ ಹೇಳಿದೆ: "ಟ್ಯಾಬ್ ಕಿತ್ಕೋಬೇಡಿ ಸಾರ್, ಓದುವಾಗ ನೋಟಿಫಿಕೇಶನ್ ಆಫ್ ಆಗಿದ್ರೆ ಸಾಕು. ಊಟ ಆದಮೇಲೆ ಅವತ್ತಿನ ಪಾಠ ನಿಮಗೆ ಹೇಳಿಕೊಡಲಿ. ನಿಮಗೆ ಬಯಾಲಜಿ ಬರಬೇಕಿಲ್ಲ, ಸುಮ್ನೆ 'ಆಮೇಲೆ?' ಅಂತ ಕೇಳ್ತಾ ಕೂತ್ಕೊಳ್ಳಿ."

ಮುಂದಿನ ಭೇಟಿಗೆ ಮಾರ್ಕ್ಸ್ ಕಾರ್ಡ್ ಬೇಡ, ಬರೆದ ಹಾಳೆಗಳನ್ನು ತರಲು ಹೇಳಿ ಕಳಿಸಿದೆ.